ಹೊಲಿಗೆ ದಾರದ ಕಂಕಣ

ಸಾತನೂರು ಹೋಬಳಿ
ಗುರುವಾರ, ೧೮ ಮಾರ್ಚ್ ೨೦೦೪

ಮುದ್ದಿನ ಮಗಳು ಜಸಿಂತಾಳಿಗೆ,

ಇಲ್ಲಿಂದಲೇ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿ ಅಮ್ಮ ಬರೆಯುತ್ತಿದ್ದೇನೆ. ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ ಅನ್ನುವುದು ನಮ್ಮ ಮನೆಯ ಪದ್ಧತಿ. ಇವತ್ತು ನನಗೆ ಅಷ್ಟು ತಾಳ್ಮೆಯಿಲ್ಲ. ಪಕ್ಕದ ಮನೆ ಭಾನುಪ್ರಿಯ ಇವತ್ತೂ ಬೆಳಿಗ್ಗೆ ಏನೂ ತಿನ್ನಲಿಲ್ಲ, ಬಿ.ಪಿ. ಮಾತ್ರೆಯನ್ನೂ ನುಂಗಲಿಲ್ಲ. ಏಳು ತಿಂಗಳ ಬಸುರಿ. ನೀನು ಬರಬೇಕು. ಓವರ್‌ಟೈಮು, ಶಿಪ್‌ಮೆಂಟು ಅಂತ ರಾಗ ಎಳೆಯದೆ ಶನಿವಾರ ಮೊದಲ ಬಸ್ಸಿಗೇ ಬರಬೇಕು. ಕಾಗದ ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಕಾರಣ ಹೇಳದಿದ್ದರೆ ನೀನು ಕದಲುವವಳಲ್ಲ ಎಂದು ಹೆತ್ತವಳಿಗೆ ಗೊತ್ತು.

ಫೋನು ಮಾಡೋಣವೆಂದರೆ ಊರಿನ ಫೋನೆಲ್ಲ ಸೋಮವಾರದಿಂದ ಸತ್ತು ಮಲಗಿವೆ. ಹೊಸ ಫ್ಯಾಕ್ಟರಿಗೆ ಲಾರಿ ಓಡಾಡಲೆಂದು ರಸ್ತೆ ಅಗಲ ಮಾಡುತ್ತಿದ್ದಾರಲ್ಲ, ಆ ಜೆಸಿಬಿ ಕೇಬಲ್ಲನ್ನೇ ಕಿತ್ತು ಹಾಕಿತು. ನೆನ್ನೆ ಭಾನು ಅತ್ತೆ ಬೋರಮ್ಮ ನಿನಗೆ ಫೋನು ಮಾಡಿಸಲು ಕೆಂಚಯ್ಯನ ಬೂತಿಗೆ ಹೋಗಿ, ರಿಸೀವರನ್ನು ಕಿವಿಗಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳಂತೆ. ಕೊನೆಗೆ ಕೆಂಚಯ್ಯನೇ "ಅದ್ರಲ್ಲಿ ಉಸ್ರೇ ಇಲ್ಲ ಕಣಕ್ಕ, ಮನೀಗೋಗು" ಅಂದನಂತೆ. ನಾನೇ ಬಂದು ನಿನ್ನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದೆ. ರೇಷ್ಮೆ ಹುಳು ಹಣ್ಣಾಗಿವೆ, ಗೂಡು ಕಟ್ಟಲೆಂದು ಚಂದ್ರಿಕೆ ತಟ್ಟಿಗೆ ಬಿಡುತ್ತಿದ್ದೇನೆ. ಗೂಡು ಕಟ್ಟುವ ಹೊತ್ತಿನಲ್ಲಿ ಮನೆ ಬಿಡುವ ಹಾಗಿಲ್ಲ ಎಂದು ನಿನಗೆ ಬೇರೆ ಹೇಳಬೇಕೆ. ನಾಳೆ ಮಧ್ಯಾಹ್ನದ ಶಿಫ್ಟಿಗೆ ನಿಮ್ಮ ಗಾರ್ಮೆಂಟ್ಸ್ ವ್ಯಾನು ಬರುತ್ತದೆ, ಡ್ರೈವರ್ ಮುನಿಯಪ್ಪನ ಕೈಗೆ ಇದನ್ನು ಕೊಡುತ್ತೇನೆ. ಇವತ್ತಿನ ವ್ಯಾನು ಆಗಲೇ ಹೊರಟುಹೋಯಿತು.

ಹೋದ ವಾರದ ನಿನ್ನ ಕಾಗದ ನನ್ನ ಮುಂದೆಯೇ ಇದೆ. ಊಟದ ಬೆಲ್ಲು ಹೊಡೆದ ಮೇಲೆ ಜನರೇಟರ್ ಶೆಡ್ಡಿನ ಹಿಂದೆ ಹುಡುಗಿಯರೆಲ್ಲ ಸೇರಿ ಪ್ರಾರ್ಥನೆ ಮಾಡುತ್ತೀರಿ, ಇಲ್ಲಿಂದ ವ್ಯಾನಿನಲ್ಲಿ ಕೆಲಸಕ್ಕೆ ಬರುವ ಭಾನುವೂ ಬಂದು ಕೂರುತ್ತಾಳೆ, ನಲವತ್ತು ದಿನದ ತಪಸ್ಸುಕಾಲ ಮುಗಿದು ಯೇಸುಸ್ವಾಮಿ ಎದ್ದ ಪಾಸ್ಕ ಹಬ್ಬ ಬರುವವರೆಗೆ ನಿನ್ನ ಜೊತೆ ಅವಳೂ ಒಪ್ಪತ್ತು ಹಿಡಿದಿದ್ದಾಳೆ ಎಂದು ಕುಣಿಕುಣಿಯುತ್ತಾ ಬರೆದಿದ್ದೆ. ಕೊನೆಗೆ ನನಗೊಂದು ಎಚ್ಚರಿಕೆ ಬೇರೆ. ಅಮ್ಮ, ನೀನು ಏನಾದರೂ ಅಂದು ಅವಳ ವಿಶ್ವಾಸ ಕೆಡಿಸಬೇಡ! ಓದಿ ನಕ್ಕೆ. ನಿಜ ಹೇಳುತ್ತೇನೆ, ಹೆಮ್ಮೆಯೂ ಆಯಿತು. ನೀರು ಕುಡಿಯಲು ಎದ್ದರೂ ಸೂಪರ್‌ವೈಸರು ಮುಖ ಗಂಟು ಹಾಕುವ ಜಾಗದಲ್ಲಿ, ಊಟದ ಹೊತ್ತನ್ನೇ ಒಸಿ ಉಳಿಸಿ ನನ್ನ ಮಗಳು ನಾಲ್ಕು ಜನರನ್ನು ದೇವರ ಮುಂದೆ ಕೂರಿಸುತ್ತಾಳೆ ಎಂದು ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳ ಹತ್ತಿರ ಹೇಳಿಕೊಂಡು ಮೆರೆದೆ. ಒಪ್ಪತ್ತು ಅಂದರೆ ಬೆಳಗಿನ ಕಾಫಿ ಬಿಟ್ಟಿರಬೇಕು ಅಂದುಕೊಂಡೆ. ಬಸುರಿಯರಿಗೆ, ಬಾಣಂತಿಯರಿಗೆ ಉಪವಾಸವಿಲ್ಲ ಎಂದು ಗುರುಗಳು ಪ್ರತಿ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ದಿನ ಪೀಠದ ಮುಂದೆ ನಿಂತು ಹೇಳುತ್ತಾರೆ. ನೀನು ಅದನ್ನು ಭಾನುಗೆ ಹೇಳಿರುತ್ತೀಯ ಎಂದು ನಂಬಿದ್ದೆ.

ದಾರದ ವಿಷಯವನ್ನಂತೂ ನೀನು ಬರೆಯಲೇ ಇಲ್ಲ. ಅದು ಗೊತ್ತಾದದ್ದು ಮಂಗಳವಾರ, ಭಾನು ಬಾಯಿಂದಲೇ. ನಂಗೂ ಏನಾರ ಕಟ್ಟು ಅಂತ ಅವಳು ನಿನ್ನ ಮುಂದೆ ಕೈ ಚಾಚಿದಳಂತೆ. ನೀನು ನಗುತ್ತಾ ನಿನ್ನ ಮಿಷನ್ನಿನ ಬಿಳಿ ದಾರ ಹಲ್ಲಿನಲ್ಲಿ ಕಡಿದು ಅವಳ ಮಣಿಕಟ್ಟಿಗೆ ಕಟ್ಟಿ, ಅದರ ಮೇಲೆ ಹೆಬ್ಬೆರಳಲ್ಲಿ ಶಿಲುಬೆ ಗುರುತು ಹಾಕಿ, ಇದನ್ನು ನೋಡಿದಾಗಲೆಲ್ಲ ಜಸಿಂತ ನನಗಾಗಿ ಬೇಡುತ್ತಿದ್ದಾಳೆ ಅಂತ ನೆನೆಸಿಕೋ ಅಂದೆಯಂತೆ. ನಿನಗದು ಗೆಳತಿಯ ಕೈಗೆ ಕಟ್ಟಿದ ನೆನಪಿನ ದಾರ. ಅವಳಿಗದು ಕಂಕಣ, ಕಣೇ. ಕಂಕಣ ಕಟ್ಟಿಸಿಕೊಂಡವರು ಅದು ಬಿಚ್ಚುವವರೆಗೆ ಹಿಡಿದ ವ್ರತ ಬಿಡುವ ಹಾಗಿಲ್ಲ, ಕಟ್ಟಿದವರ ಬೆರಳಲ್ಲದೆ ಬೇರೆ ಬೆರಳು ಅದಕ್ಕೆ ತಾಗುವ ಹಾಗಿಲ್ಲ. ಆ ಮನೆಯ ಗೋಡೆಗೆ ಬೆನ್ನು ಕೊಟ್ಟು ಬೆಳೆದ ನಿನಗೆ ಇದು ಹೇಗೆ ಮರೆತುಹೋಯಿತು? ಬೋರಮ್ಮನ ತಾಯಿ ಮಗಳಿಗೆ ಕಂಕಣ ಕಟ್ಟಿ ಹೋಗಿ ಅಕ್ಕೂರಿನಲ್ಲಿ ಹಾಸಿಗೆ ಹಿಡಿದಾಗ, ಬೋರಮ್ಮ ಗಾಡಿ ಕಟ್ಟಿಸಿಕೊಂಡು ಅಲ್ಲಿಗೇ ಹೋಗಿ ಆ ಮುದುಕಿಯ ನಡುಗುವ ಬೆರಳಿನಿಂದಲೇ ಬಿಚ್ಚಿಸಿಕೊಂಡು ಬಂದಿದ್ದಳಲ್ಲ. ಆ ಗಾಡಿಯಲ್ಲಿ ಹಟ ಮಾಡಿ ಹತ್ತಿ ಕೂತಿದ್ದವಳು ನೀನೇ.

ಇನ್ನು ಮಾತ್ರೆಯ ಕಥೆ ಕೇಳು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ ತಗೋ ಎಂದು ಕನಕಪುರದ ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಡಾಕ್ಟರ ಮಾತೂ ಮೀರಿಲ್ಲ, ವ್ರತವೂ ಮೀರಿಲ್ಲ ಅನ್ನುವುದು ಅವಳ ಸಮಾಧಾನ. ಮನೆಯವರು ಕೇಳಿದರೆ ನುಂಗಿದೆ ಅನ್ನುವುದು, ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕುವುದು. ಹೋದ ವಾರ ಕಾಲು ಬಾತುಕೊಂಡು ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಮಂಗಳವಾರ ಬೋರಮ್ಮ ಸೀರೆ ಒಗೆಯಲು ತೆಗೆದಾಗ ಸೆರಗಿನ ಗಂಟು ಸಿಕ್ಕಿತು. ಬೋರಮ್ಮ ಏನೂ ಬೈಯದೆ ಆ ಗಂಟನ್ನು ಹಾಗೇ ನನ್ನ ಹತ್ತಿರ ತಂದು ತೋರಿಸಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯ ಸಿಸ್ಟರ್ ನಿಖಾತ್ ಇವತ್ತು ಬಂದು ಬಿ.ಪಿ. ನೋಡಿದರು. ಯಾವಾಗಲೂ ತಮಾಷೆ ಮಾಡಿಕೊಂಡಿರುವ ಹೆಂಗಸು ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ ಇನ್ನೊಂದು ಸಲ ನೋಡಿದರು. ಹೊರಗೆ ಬಂದು ನನಗೂ ಬೋರಮ್ಮನಿಗೂ ಹೇಳಿದರು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು ಶುರುವಾದರೆ ಒಂದು ಗಳಿಗೆ ತಡ ಮಾಡುವ ಹಾಗಿಲ್ಲವಂತೆ, ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಕೈಗೆ ಸಿಗುವುದಿಲ್ಲವಂತೆ. ಈಗಲೇ ಆಸ್ಪತ್ರೆಗೆ ಸೇರಿಸಿ ಅಂದರು. ಭಾನು ಗೋಡೆ ಕಡೆ ತಿರುಗಿ ಮಲಗಿದಳು. ಮೊದಲ ಎರಡೂ ಬಸುರಿನಲ್ಲಿ ಮಾತ್ರೆ ನುಂಗಿದ್ದಳಂತೆ, ಆಸ್ಪತ್ರೆ ಮಂಚದ ಮೇಲೂ ಮಲಗಿದ್ದಳಂತೆ, ಎರಡೂ ಕೂಸು ಮಣ್ಣುಪಾಲಾದವು. ದಾರ ಕಟ್ಟಿದ ಮೇಲೆ ಇದೊಂದು ಉಳಿದಿದೆ. "ಅವ್ಳು ಕಟ್ಟವ್ಳೆ, ಅವ್ಳೇ ಬಂದು ಬಿಚ್ಲಿ. ಅಲ್ಲೀಗಂಟ ನನ್ನ ಬುಟ್ಬುಡಿ" ಅಂದಳು. ನಾನು ಪಕ್ಕದಲ್ಲಿ ಕೂತು, ನಮ್ಮ ದೇವರು ಇಂಥದ್ದು ಕೇಳುವುದಿಲ್ಲ ಮಗಳೇ ಎಂದು ಎಷ್ಟು ಹೇಳಿದರೂ, ನನ್ನನ್ನು ಪಾಪ ಅನ್ನುವ ಹಾಗೆ ನೋಡಿದಳೇ ಹೊರತು ಮಾತು ಕೇಳಲಿಲ್ಲ. ಅವಳ ಕಣ್ಣಿಗೆ ನಾನು ಬರೀ ಆರೋಗ್ಯಮ್ಮ, ದೇವರ ಕಡೆಯವಳು ನೀನು.

ನಿನಗೆ ಹೇಳಬಾರದು ಅಂದುಕೊಂಡಿದ್ದ ಒಂದು ವಿಷಯವಿದೆ. ಹೇಳದಿದ್ದರೆ ನೀನು ಬಂದ ಮೇಲೆ ನನ್ನನ್ನು ಬೈಯುತ್ತೀಯ. ಅವಳ ಗಂಡ ಲೋಕೇಶ್ ಮಂಗಳವಾರ ಸಂಜೆ ಬ್ಲೇಡು ಹಿಡಿದು ಆ ದಾರ ಕತ್ತರಿಸಲು ಹೋದ. ಅವಳು ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕಿರುಚಿದ ರಭಸಕ್ಕೆ ತಲೆ ತಿರುಗಿ ಬಿದ್ದಳು. ಬ್ಲೇಡು ಎಸೆದು ಅವನು ಸೀದಾ ನಮ್ಮ ಬಾಗಿಲಿಗೆ ಬಂದ. "ನಮ್ಮನೆ ಹೆಣ್ಣೀಗೆ ನಿಮ್ ಮತ ಹಚ್ಚಕೆ ಬಂದವ್ಳೆ ನಿನ್ ಮಗ್ಳು. ಊರೊಳೀಕೆ ಕಾಲಿಡ್ಲಿ, ಮುರೀದೆ ಬುಡಲ್ಲ" ಅಂದ. ಅವನ ಹಿಂದೆ ಇನ್ನೂ ನಾಲ್ಕು ಹುಡುಗರು ಬೈಕಿನ ಮೇಲೆ ಕೂತಿದ್ದರು. ಸುಳ್ಳು ಯಾಕೆ, ಹೆದರಿದೆ. ಚಿಕ್ಕವನಿದ್ದಾಗ ನಿಮ್ಮಪ್ಪನ ಹೆಗಲ ಮೇಲೆ ಕೂತು ಊರು ಸುತ್ತಿದವನು ಲೋಕೇಶ, ನಿಮ್ಮಪ್ಪ ಹೋದಾಗ ಗುಂಡಿ ತೋಡಲು ಮೊದಲು ಹಾರೆ ಹಿಡಿದವನೂ ಅವನೇ. ಅಂಥವನು ನನ್ನ ಮುಖ ನೋಡದೆ ಮಾತಾಡಿದನಲ್ಲ, ಅದು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. ಆದರೂ ಬಾ. ಬಸ್‌ಸ್ಟಾಂಡಿನಲ್ಲಿ ನಾನು ನಿಂತಿರುತ್ತೇನೆ, ನನ್ನನ್ನು ದಾಟಿ ನಿನ್ನ ಹತ್ತಿರ ಬರಲಿ.

ಆದರೆ ನಿನ್ನನ್ನು ತಡೆಯುವುದು ಲೋಕೇಶನ ಭಯವಲ್ಲ ಎಂದು ನನಗೆ ಗೊತ್ತು. ದಾರ ಬಿಚ್ಚಿದರೆ ಕೂಟದ ಹುಡುಗಿಯರ ಮುಂದೆ ಪ್ರಾರ್ಥನೆ ಸೋತ ಹಾಗಾಗುತ್ತದೆ, ಅಲ್ಲವೇ? ಭಾನು ಹೊಟ್ಟೆಯ ಕೂಸು ನಿಂತದ್ದೇ ನಮ್ಮ ಉಪವಾಸದಿಂದ ಎಂದು ಅವರಿಗೆಲ್ಲ ಸಾಕ್ಷಿ ಹೇಳಿಬಿಟ್ಟಿದ್ದೀಯ. ಈಗ ನೀನೇ ಹೋಗಿ ಉಣ್ಣು, ಮಾತ್ರೆ ನುಂಗು ಅನ್ನುವುದು ಹೇಗೆ. ನಾನು ನಿನ್ನನ್ನು ಆಡಿಕೊಳ್ಳುತ್ತಿಲ್ಲ ಮಗಳೇ. ಈ ಹಟ ಎಲ್ಲಿಂದ ಬಂತೆಂದು ಬಲ್ಲೆ.

ನಿಮ್ಮಪ್ಪನನ್ನು ಮಣ್ಣು ಮಾಡಿ ಬಂದ ದಿನ ನೀನು, ಅಮ್ಮ, ನೀನು ಗಟ್ಟಿಯಾಗಿ ಬೇಡಲಿಲ್ಲ ಅಂದಿದ್ದೆ. ಆವತ್ತು ನಾನು ಉತ್ತರ ಕೊಡಲಿಲ್ಲ. ಅಲ್ಲಿಂದ ನೀನು ಎಲ್ಲರಿಗಾಗಿಯೂ ಗಟ್ಟಿಯಾಗಿ ಬೇಡುತ್ತಿದ್ದೀಯ, ನಾನು ಬಿಟ್ಟದ್ದನ್ನು ನೀನು ತುಂಬುವವಳ ಹಾಗೆ. ಉತ್ತರ ಈಗ ಕೇಳು. ನಾನು ಗಟ್ಟಿಯಾಗಿಯೇ ಬೇಡಿದೆ. ಹುಳುಮನೆಯ ಬಾಗಿಲು ಹಾಕಿಕೊಂಡು ಬೋರಮ್ಮ ಓಡಿ ಬರುವಷ್ಟು ಗಟ್ಟಿಯಾಗಿ ಕೂಗಿದೆ. ಅನ್ನ ನೀರು ಬಿಟ್ಟು ಉಪವಾಸವೂ ಬಿದ್ದೆ. ನಿಮ್ಮಪ್ಪ ಮಲಗಿದ್ದಲ್ಲಿಂದಲೇ, "ನೀನೂ ಉಪಾಸ ಬಿದ್ರೆ ನಂಗೆ ಗಂಜಿ ಕಾಯ್ಸೋರ್ಯಾರೇ" ಅಂದರು. ನಾಚಿಕೆಯಾಯಿತು. ಎದ್ದು ಗಂಜಿ ಕಾಯಿಸಿ ಇಬ್ಬರೂ ಕುಡಿದೆವು, ಕುಡಿಯುತ್ತಾ ಪರಲೋಕ ಪ್ರಾರ್ಥನೆ ಹೇಳಿಕೊಂಡೆವು. ಅವರು ಹೋದರು. ನನ್ನ ಬೇಡಿಕೆ ಈಡೇರಲಿಲ್ಲ ಎಂದು ಒಪ್ಪುತ್ತೇನೆ. ಆದರೆ ಅವರು ಹೋದ ಮರುದಿನ ಬೆಳಿಗ್ಗೆ ನಾನು ಎದ್ದು ಹುಳುವಿಗೆ ಸೊಪ್ಪು ಹಾಕಿದೆ, ನಿನಗೆ ತಲೆ ಬಾಚಿದೆ. ಎಬ್ಬಿಸಿ ನಿಲ್ಲಿಸಿದ್ದು ನನ್ನ ಶಕ್ತಿಯಲ್ಲ. ಪ್ರಾರ್ಥನೆ ಯಾಕೆ ಎಂದು ನನ್ನನ್ನು ಕೇಳಿದರೆ ನಾನು ಆ ಬೆಳಿಗ್ಗೆಯನ್ನು ತೋರಿಸಬಲ್ಲೆ, ಬೇರೆ ಏನನ್ನೂ ಅಲ್ಲ.

ಸಾರುವ ವಿಷಯಕ್ಕೂ ಒಂದು ಮಾತು. ಅಮ್ಮ ಇಷ್ಟು ವರ್ಷ ಪಕ್ಕದ ಮನೆಯವರಿಗೆ ಯೇಸುಸ್ವಾಮಿಯ ಹೆಸರೇ ಹೇಳಲಿಲ್ಲ ಎಂದು ನಿನ್ನ ದೂರು. ನಾನು ಸೊಪ್ಪು ಹಾಕುವಾಗಲೆಲ್ಲ ಜಪಸರ ಹೇಳಿಕೊಳ್ಳುತ್ತೇನೆ, ಒಂದು ಅಂಕಣದ ಹುಳುತಟ್ಟೆಗಳು ಮುಗಿಯುವಷ್ಟರಲ್ಲಿ ಒಂದು ಸುತ್ತು. ಬೋರಮ್ಮ ಗೋಡೆಯಾಚೆ ಅದನ್ನು ಕೇಳಿ ಕೇಳಿ, ಬೇಗ ಮುಗಿಸಿದ ದಿನ, "ಯಾಕವ್ವ ಇವತ್ತು ನಿಮ್ ಮರಿಯಮ್ಮನ್ನ ಅರ್ಧಕ್ಕೇ ಬುಟ್ಟೆ, ಹುಳಕ್ಕೆ ಸೊಪ್ಪು ಕಮ್ಮಿಯಾ" ಅಂತ ಕೂಗುತ್ತಾಳೆ. ಅವಳ ಗಂಡ ತಿಮ್ಮಯ್ಯನಿಗೆ ಹಾವು ಕಚ್ಚಿದಾಗ ಅವಳು ಮೊದಲು ಬಡಿದದ್ದು ನಮ್ಮ ಗೋಡೆಯನ್ನೇ. ನಿಮ್ ಮರಿಯಮ್ಮನ್ನ ಕರಿ ಅಂದಳು. ಕರೆದೆ. ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಜೀಪಿನ ಬಾಗಿಲು ಹಿಡಿದುಕೊಂಡೇ ಕರೆದೆ. ಜೀಪು ಬೇಡ, ಜಪ ಸಾಕು ಅಂದಿದ್ದರೆ ತಿಮ್ಮಯ್ಯ ಉಳಿಯುತ್ತಿರಲಿಲ್ಲ, ಆ ಗೋಡೆಯನ್ನು ಇನ್ನೊಮ್ಮೆ ಯಾರೂ ಬಡಿಯುತ್ತಲೂ ಇರಲಿಲ್ಲ. ಅವಳು ನನಗೆ ಸುಳ್ಳು ಹೇಳಿದ್ದಿಲ್ಲ, ನಾನು ಅವಳಿಗೆ ಹೇಳಿದ್ದಿಲ್ಲ. ನನ್ನ ಸಾಕ್ಷಿ ಅಂತ ಏನಾದರೂ ಇದ್ದರೆ ಅದು ಅಷ್ಟೇ.

ಈಗ ಚಂದ್ರಿಕೆಯ ಮೇಲೆ ನನ್ನ ಹುಳುಗಳು ಮೇವು ಬಿಟ್ಟು ನೂಲು ಬಿಡುತ್ತಿವೆ. ಹಣ್ಣಾದ ಹುಳು ತಾನಾಗಿ ಮೇವು ಬಿಡುತ್ತದೆ, ಅದಕ್ಕೆ ಯಾರೂ ಹೇಳಬೇಕಿಲ್ಲ. ಹಣ್ಣಾಗುವ ಮೊದಲೇ ಮೇವು ಬಿಟ್ಟ ಹುಳು ಏನಾಗುತ್ತದೆಂದು ನಿನಗೆ ಗೊತ್ತು, ಗುಡಿಸಿ ತಿಪ್ಪೆಗೆ ಹಾಕಿದವಳೂ ನೀನೇ.

ಬಾ. ಬಂದು ಆ ದಾರ ಬಿಚ್ಚು. ಬಿಚ್ಚುವಾಗ ಪ್ರಾರ್ಥನೆ ಮಾಡು, ಬೇಡ ಅನ್ನುವುದಿಲ್ಲ, ನಾನೂ ಪಕ್ಕದಲ್ಲಿ ಮೊಣಕಾಲೂರುತ್ತೇನೆ. ಅವಳಿಗಾಗಿ ಉಪವಾಸ ಇರಲೇಬೇಕೆಂದರೆ ನೀನಿರು, ನಾನಿರುತ್ತೇನೆ, ನಮಗೇನು ಹೊಟ್ಟೆಯಲ್ಲಿ ಕೂಸಿದೆಯೇ. ಕೂಟದ ಹುಡುಗಿಯರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ಅವರು ನಕ್ಕರೆ ನಗಲಿ. ನೀನು ಬರದೆ ಭಾನುಗೆ ಏನಾದರೂ ಆದರೆ, ಜಸಿಂತಾ, ನಾನು ನಿನ್ನನ್ನು ಕ್ಷಮಿಸುತ್ತೇನೆ, ದೇವರೂ ಕ್ಷಮಿಸುತ್ತಾನೆ. ನೀನು ಮಾತ್ರ ನಿನ್ನನ್ನು ಕ್ಷಮಿಸಿಕೊಳ್ಳಲಾರೆ. ನನಗೆ ಭಯವಾಗಿರುವುದು ಅದಕ್ಕೇ.

ಬಾಗಿಲಿನ ಅಗುಳಿ ತೆಗೆದಿಟ್ಟು ಕಾಯುತ್ತಿರುವ
ನಿನ್ನ ಅಮ್ಮ
ಆರೋಗ್ಯಮ್ಮ

ತಾ.ಕ. (ಶುಕ್ರವಾರ ಬೆಳಿಗ್ಗೆ)

ಅಂಟಿಸಿದ್ದ ಕವರನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಬೋರಮ್ಮ ಗೋಡೆ ಬಡಿದಳು. ಓಡಿದೆ. ಭಾನು ತಲೆ ಹಿಡಿದುಕೊಂಡು ಕೂತಿದ್ದಳು, ಕಣ್ಣು ಮಂಜು ಮಂಜು ಅನ್ನುತ್ತಿದ್ದಳು. ಲೋಕೇಶ್ ಜೀಪು ತರಲು ಹೋಗಿದ್ದ, ಇವಳು ಹತ್ತುವುದಿಲ್ಲವೆಂದು ಬಾಗಿಲ ಕಂಬ ತಬ್ಬಿಕೊಂಡಿದ್ದಳು. ನನ್ನನ್ನು ಕಂಡು, "ಜಸಿಂತ ಬಂದ್ಲಾ?" ಅಂದಳು. ನಾನು ನಮೋ ಮರಿಯಾ ಹೇಳಲೆಂದು ಬಾಯಿ ತೆರೆದೆ, ಬಂದದ್ದು ಬೇರೆ. ನೀನು ಈಗ ತಾನೇ ಫೋನು ಮಾಡಿದ್ದೆ ಎಂದುಬಿಟ್ಟೆ. ಏನಂದ್ಲು ಅಂತ ಕೇಳಿದಳು. ನಾನು ಹೇಳುತ್ತಾ ಹೋದೆ: ಮೊದಲು ಉಣ್ಣು ಅಂದಳು, ಮಾತ್ರೆ ನುಂಗು ಅಂದಳು, ಯೇಸುಸ್ವಾಮಿ ಸತ್ತ ಹುಡುಗಿಯನ್ನು ಎಬ್ಬಿಸಿದಾಗಲೂ ಮೊದಲು ಇವಳಿಗೆ ತಿನ್ನಲು ಕೊಡಿ ಅಂದನಂತೆ ಅಂದಳು, ನಾಳೆ ಬೆಳಿಗ್ಗೆ ನಾನೇ ಬಂದು ದಾರ ಬಿಚ್ಚುತ್ತೇನೆ ಅಂದಳು. ಎಲ್ಲ ನಿನ್ನ ಹೆಸರಿನಲ್ಲಿ, ಎಲ್ಲ ನನ್ನ ಸುಳ್ಳು.

ಭಾನು ಅತ್ತೆಯ ಮುಖ ನೋಡಿದಳು. "ಫೋನು ಕೆಟ್ಟೈತೆ ಅಂದ್ರಲ್ಲತ್ತೆ?" ಅಂದಳು. ಸತ್ತ ಫೋನನ್ನು ಕಿವಿಗಿಟ್ಟುಕೊಂಡು ಕೂತು ಬಂದವಳು ಬೋರಮ್ಮ. ಅವಳು ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಸರಿ ಮಾಡವ್ರೆ ಕಣವ್ವ. ನಾನೂ ಅಲ್ಲೇ ಇದ್ನಲ್ಲ, ನನ್ ಕಿವೀಲೇ ಕೇಳ್ದೆ. ಉಣ್ಣು ಅಂದ್ಲು" ಅಂದಳು.

ಭಾನು ಕಂಬ ಬಿಟ್ಟಳು. ದಾರವಿದ್ದ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಗಂಜಿ ಕುಡಿದಳು, ಮಾತ್ರೆ ನುಂಗಿದಳು, ಲೋಕೇಶ್ ಕರೆತಂದಿದ್ದ ನಿಖಾತ್ ಸಿಸ್ಟರ ಜೊತೆ ಜೀಪು ಹತ್ತಿದಳು. ನಾಳೆ ನೀನು ಊರಿಗೆ ಬರಬೇಡ, ಸೀದಾ ಕನಕಪುರದ ಆಸ್ಪತ್ರೆಗೆ ಬಾ, ಹೆರಿಗೆ ವಾರ್ಡಿಗೆ. ನಾನೂ ಅಲ್ಲಿರುತ್ತೇನೆ, ಹುಳುವನ್ನು ತಿಮ್ಮಯ್ಯ ನೋಡಿಕೊಳ್ಳುತ್ತಾನಂತೆ. ಮಾತ್ರೆ ನುಂಗಿದ್ದಾಳೆ ಎಂದು ನೀನು ನಿರಾಳವಾಗಬೇಡ. ಅವಳು ಒಪ್ಪಿಕೊಂಡಿರುವುದು ನಾಳೆಯವರೆಗೆ ಮಾತ್ರ. ನೀನು ಬರದಿದ್ದರೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಆಮೇಲೆ ನನ್ನ ಮಾತನ್ನೂ ನಂಬುವುದಿಲ್ಲ, ಬೋರಮ್ಮನ ಮಾತನ್ನೂ ನಂಬುವುದಿಲ್ಲ.

ಜೀಪು ಹೊರಡುವಾಗ ಲೋಕೇಶ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ. ನಿನ್ನ ಫೋನು ಬಂತೆಂದು ಭಾನು ಅವನಿಗೆ ಹೇಳಿದ್ದಳು, ಫೋನು ಸತ್ತಿದೆ ಎಂದು ಅವನಿಗೂ ಗೊತ್ತು. ಈ ಸಲ ನನ್ನ ಮುಖ ನೋಡಿಯೇ, "ನಾಳೆ ಬತ್ತಾಳೇನವ್ವ?" ಎಂದು ಕೇಳಿದ.

ಹೂಂ ಅಂದೆ.